ಮಧ್ಯಾಹ್ನದ ಮುಯ್ಯಿ

ರತ್ನಾಕರ ಎಂ.ಎ. ಆದದ್ದು ನನ್ನ ಗಂಟಲಿನಿಂದ. ಇದು ಜಂಬದ ಮಾತಲ್ಲ. ಕಳೆದ ವರ್ಷವಿಡೀ ಊಟದ ಗಂಟೆ ಹೊಡೆದ ಕೂಡಲೇ ಅವನು ಕುಂದಾಪುರದ ಬಸ್ಸು ಹಿಡಿಯಲು ಓಡುತ್ತಿದ್ದ. ನಾನು ಅವನ ತರಗತಿಯನ್ನೂ ನನ್ನ ತರಗತಿಯನ್ನೂ ಒಂದೇ ಹಾಲಿನಲ್ಲಿ ಕೂರಿಸಿ, ಹಂಚಿನ ಮೇಲೆ ಬಡಿಯುವ ಮಳೆಗಿಂತ ಜೋರಾಗಿ ಚರಿತ್ರೆ ಕೂಗುತ್ತಿದ್ದೆ. ಸಂಜೆ ಮನೆಗೆ ಬಂದರೆ ನೀರು ಕೇಳಲೂ ಸ್ವರ ಇರುತ್ತಿರಲಿಲ್ಲ, ಕೈಸನ್ನೆ ಮಾಡುತ್ತಿದ್ದೆ.

ನಾವಿಬ್ಬರೂ ಬಸ್ರೂರಿನವರು. ಒಂದೇ ಬಯಲಿನ ಎರಡು ಮನೆ, ಒಂದೇ ಹೈಸ್ಕೂಲಿನ ಇಬ್ಬರು ಮಾಸ್ತರರು. ಕೆಲಸ ಬಿಡದೆ ಮದರಾಸಿನ ಎಂ.ಎ. ಪರೀಕ್ಷೆಗೆ ಕಟ್ಟಬಹುದಿತ್ತು, ಓದಿಸುವವರು ಸಿಕ್ಕಬೇಕು ಅಷ್ಟೆ. ಬ್ರಹ್ಮಾವರದಲ್ಲಿ ಒಬ್ಬರು ಸಿಕ್ಕಿದರು, ನಿವೃತ್ತ ಪ್ರೊಫೆಸರು. ವರ್ಷಕ್ಕೆ ಒಬ್ಬನೇ ಶಿಷ್ಯ. ಬೆಳಿಗ್ಗೆ ಅವರಿಗೆ ಪೂಜೆ, ಸಂಜೆ ಕಣ್ಣು ಕಾಣದು, ಭಾನುವಾರ ಯಾರ ಮುಖವನ್ನೂ ನೋಡುವವರಲ್ಲ. ಉಳಿದದ್ದು ಮಧ್ಯಾಹ್ನ. ಅಲ್ಲಿಗೆ ಮುಟ್ಟುವುದೇ ಒಂದು ಸಾಹಸ. ಯುದ್ಧ ಮುಗಿದರೂ ಬಸ್ಸು ಇದ್ದಿಲಿನ ಹೊಗೆಯಲ್ಲೇ ಕೆಮ್ಮುತ್ತ ಓಡುತ್ತಿತ್ತು. ಮಾಬುಕಳದಲ್ಲಿ ಇಳಿದು ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು.

ಹೊತ್ತು ಎನ್ನುವುದು ಕಂಟ್ರೋಲ್ ಅಂಗಡಿಯ ಬಟ್ಟೆಯ ಹಾಗೆ. ಅಳೆದು ಕೊಟ್ಟಷ್ಟೇ. ಇಬ್ಬರಿಗೆ ಅಂಗಿ ಆಗಬೇಕಾದರೆ ಒಬ್ಬ ಬರಿಮೈಯಲ್ಲಿ ಕಾಯಬೇಕು. ಶಾಲೆಗೆ ನಡೆಯುವ ದಾರಿಯಲ್ಲಿ ರತ್ನಾಕರ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ, ನಾನು ಅವನಿಗೂ ಪುಸ್ತಕಕ್ಕೂ ಕೊಡೆ ಹಿಡಿಯುತ್ತಿದ್ದೆ. ಒಂದು ದಿನ ಅವನೇ ನಿಂತು ಹೇಳಿದ:

“ಗೋವರ್ಧನ, ಇದ್ ಮುಯ್ಯಿ ಅಂದ್ ತಿಳ್ಕೊ. ಈ ವರ್ಷ ನಂಗೆ ನೀನ್, ಬಪ್ಪ ವರ್ಷ ನಿಂಗೆ ನಾನ್.”

ನಮ್ಮ ಬಯಲಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಜನ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯ ಜನ. ಕೂಲಿ ಇಲ್ಲ, ಕಾಗದ ಇಲ್ಲ, ಸಾಕ್ಷಿ ಇಲ್ಲ. ಮುಯ್ಯಿ ತೀರಿಸಲು ಬಂದವರು ಮಧ್ಯಾಹ್ನ ಆ ಮನೆಯಲ್ಲಿ ಉಂಡು ಎದ್ದರೆ ಋಣ ಹರಿಯಿತು. ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ.

ಅವನು ಪಾಸಾದ. ಹಳೆಯ ಹೆಡ್‌ಮಾಸ್ತರರು ನಿವೃತ್ತರಾದರು. ಎಂ.ಎ. ಆದವನು ಅವನೊಬ್ಬನೇ ಆದ್ದರಿಂದ ಕುರ್ಚಿ ಅವನಿಗೇ ಬಂತು. ಶಾಲೆ ಶುರುವಾದ ವಾರ ನಾನು ಅವನ ಕೋಣೆಗೆ ಹೋದೆ. ಪ್ರೊಫೆಸರು ಮುಂದಿನ ಯುಗಾದಿಗೆ ಪುಣೆಯ ಮಗಳ ಮನೆಗೆ ಹೊರಡುವವರಿದ್ದರು. ಈ ವರ್ಷ ಇಲ್ಲದಿದ್ದರೆ ಇಲ್ಲ.

“ಎಂತ ಮಾಸ್ಟ್ರೇ, ಕೂಕಣಿ,” ಎಂದ ರತ್ನಾಕರ.

“ಮಾಸ್ಟ್ರ್ ಯಾರ್ ಮರಾಯಾ? ನಾನ್ ಗೋವರ್ಧನ.”

“ಶಾಲಿ ಒಳ್ಗ್ ಹಾಂಗೇ ಕರೀಕ್.”

“ಆಯ್ತ್. ಸೋಮವಾರದಿಂದ ಹೋಪ್ದಾ ನಾನ್?”

“ಕಾಂಬ. ಇನ್‌ಸ್ಪೆಕ್ಟ್ರ್ ಬಪ್ಪದಿತ್ತ್. ಅವ್ರ್ ಬಂದ್ ಹೋಯ್ಲಿ.”

ಇನ್‌ಸ್ಪೆಕ್ಟರು ಬಂದರು, ಎಳನೀರು ಕುಡಿದು ಹೋದರು. ಆಮೇಲೆ ಟೈಮ್ ಟೇಬಲ್ ಆಗಲಿ ಎಂದ. ಅದೂ ಆಯಿತು. ಅದರಲ್ಲಿ ನನ್ನ ಮಧ್ಯಾಹ್ನಗಳೆಲ್ಲ ತುಂಬಿದ್ದವು. ಬದಲಾಯಿಸುತ್ತೇನೆ ಎಂದ. ನಾನು ನಂಬಿದೆ. ಮುಯ್ಯಿ ತಪ್ಪಿಸಿದವರನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ.

ಬಸ್ಸಿನ ಕಂಡಕ್ಟರ್ ಬಚ್ಚ ಬೀದಿಯಲ್ಲೇ ಕೂಗಿದ: “ಹ್ವಾಯ್ ಮಾಸ್ಟ್ರೇ! ಬ್ರಹ್ಮಾವರದ ಅಜ್ಜಯ್ಯ ಕೇಂತಿದ್ರ್, ಈ ವರ್ಷದ ಶಿಷ್ಯ ಬತ್ನಾ, ಹೊಳಿಯಗೆ ಮುಳ್ಗಿ ಹೋದ್ನಾ ಅಂದ್ಹೇಳಿ!”

“ಬತ್ತೆ ಅಂದ್ ಹೇಳ್,” ಎಂದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದರೆ ನಮ್ಮ ಗದ್ದೆಯ ತುಂಬ ಹೆಂಗಸರು. ಮಳೆಗೆ ಎಲೆಯ ಗೊರಬು ಹೊದ್ದು, ಬೆನ್ನು ಬಾಗಿಸಿ, ಭತ್ತದ ನೇಜಿ ನೆಡುವ ಕೊನೆಯ ಸಾಲಿನಲ್ಲಿದ್ದರು. ರತ್ನಾಕರನ ಮನೆಯ ಕೋಣಗಳು ತೋಡಿನಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದವು. ಅವುಗಳನ್ನು ಹೂಡುವ ತಿಮ್ಮ ನನ್ನನ್ನು ಕಂಡು ನಕ್ಕ.

“ನಿಮ್ಮನಿ ಮೀನ್ ಸಾರ್ ಬಾರೀ ಲಾಯ್ಕಿತ್ತ್ ಮಾಸ್ಟ್ರೇ. ಎಲ್ಲಾ ಉಂಡಾಯ್ತ್. ಮುಯ್ಯಿ ತೀರ್ತ್ ಅಂದ್ ನಿಮ್ಗೆ ಹೇಳೂಕ್ ಹೇಳಿರ್ ಒಡೇರ್.”

“ಯಾವ ಮುಯ್ಯಿ?”

“ನಂಗೆಂತ ಗೊತ್ತಿತ್ತ್? ಹಿಂದಿನ್ ವರ್ಷದ್ದ್ ಅಂಬ್ರ್.”

ನಾನು ಮನೆಯೊಳಗೆ ಹೋಗಲಿಲ್ಲ. ಕೆಸರು ತುಳಿಯುತ್ತ ನೇರ ರತ್ನಾಕರನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಬಾ ಗೋವರ್ಧನ, ಕೂಕೊ.” ಇಲ್ಲಿ ನಾನು ಮತ್ತೆ ಗೋವರ್ಧನ.

“ನಾನ್ ನಿಂಗೆ ಮಾಡಿ ಕೊಟ್ಟದ್ ಪಾಠ. ನೀನ್ ಕೋಣ ಕಳ್ಸಿ ತೀರ್ಸೂದಾ?”

“ಕೆಲ್ಸಕ್ಕೆ ಕೆಲ್ಸ ಅಲ್ದಾ? ಹೆಡ್‌ಮಾಸ್ಟ್ರ್ ಆದವ ನಿನ್ ಪಿರಿಯಡ್ ತಕಂಡ್ರೆ ಉಳ್ದ ಮಾಸ್ಟ್ರುಗಳ್ ನೆಗಾಡುದಿಲ್ಯಾ?”

“ಆವತ್ತ್ ಮಾತ್ ಕೊಡುವಾಗ?”

“ಆವತ್ತ್ ನಾನ್ ಬರೀ ಮಾಸ್ಟ್ರ್.” ಅವನು ಎಲೆ ಮಡಿಸಿದ. “ಸಿಟ್ ಮಾಡ್ಬೇಡ ಮರಾಯಾ. ನಿನ್ನಬ್ಬಿ ಹತ್ರ ಕೇಂಡೇ ಕಳ್ಸಿದ್ದ್. ಹ್ಯಾಂಗೆ ತೀರ್ಸೂದ್ ಅಂದ್ ಕೇಂಡೆ. ಕೋಣ ಕಳ್ಸ್ ಅಂದ್ರ್.”

ಎಲೆಯ ತಟ್ಟೆಯನ್ನು ಅವನು ನನ್ನ ಕಡೆ ದೂಡಿದ. ನಾನು ಅದನ್ನು ಮುಟ್ಟದೆ ಅಮ್ಮನನ್ನು ಕೇಳಲು ಹೊರಟೆ.

ಮನೆಯಲ್ಲಿ ಅಮ್ಮ ದೊಡ್ಡ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

“ಕೋಣ ಕಳ್ಸ್ ಅಂದ್ ಹೇಳ್ದವ್ಳ್ ನೀನಾ?”

“ಹೌದ್. ನಮ್ ಕೋಣ ಸತ್ತದ್ ನಿನ್ ಪುಸ್ತಕ್ದಗೆ ಬರ್ದಿತ್ತಾ? ನೇಜಿ ಬಲ್ತ್ ಹೋತಿತ್ತ್. ಯಾರ್ ಹೂಡೂದ್, ನೀನಾ?”

“ನನ್ ಮಧ್ಯಾಹ್ನ ಮಾರಿದ್ಯಲ್ಲ ಅಬ್ಬಿ.”

“ನಿನ್ ಮಧ್ಯಾಹ್ನ ಉಂಬುಕಾತ್ತಾ?” ಅವಳು ಬಟ್ಟಲು ತಂದಿಟ್ಟಳು. “ಬಾ, ಉಣ್.”

“ನಂಗ್ ಬ್ಯಾಡ.”

“ನೀ ಉಣ್ದಿದ್ರೆ ನೆಟ್ಟದ್ ಹಿಂದ್ ಹೋತ್ತಾ?” ಅನ್ನ ಬಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: “ರತ್ನಾಕರ ಓದಿ ಇಲ್ಲೇ ಕೂಕಂಡ. ನೀನ್ ಓದಿರೆ ಮದ್ರಾಸಿಗೆ ಹೋಪವ. ನಂಗೊತ್ತಿಲ್ಯಾ?”

ಪರೀಕ್ಷೆ ಆದ ಮೇಲೆ ಮದರಾಸಿನಲ್ಲಿ ಕೆಲಸ ಹುಡುಕುವ ಮಾತನ್ನು ನಾನು ಜಗತ್ತಿನಲ್ಲಿ ಒಬ್ಬನೇ ಒಬ್ಬನ ಹತ್ತಿರ ಆಡಿದ್ದೆ. ಶಾಲೆಯ ದಾರಿಯಲ್ಲಿ, ರತ್ನಾಕರ ಪುಸ್ತಕ ಮಡಚಿದ ಒಂದು ಗಳಿಗೆಯಲ್ಲಿ. ಅದನ್ನೂ ಅವನು ಜೋಪಾನವಾಗಿ ಇಟ್ಟುಕೊಂಡು, ಬೇಕಾದ ದಿನ, ಬೇಕಾದ ಬಾಗಿಲಿಗೆ ತಂದು ಕೊಟ್ಟಿದ್ದ. ಇಷ್ಟು ಅಚ್ಚುಕಟ್ಟಾಗಿ ಅವನು ಪರೀಕ್ಷೆಯನ್ನೂ ಬರೆದಿರಲಿಕ್ಕಿಲ್ಲ.

ನಾನು ಗದ್ದೆಗೆ ಇಳಿದೆ. ಹೆಂಗಸರು ಹೋಗಿಯಾಗಿತ್ತು. ಮಳೆ ಸಣ್ಣಗೆ ಸುರಿಯುತ್ತಿತ್ತು. ಬೇರು ಇನ್ನೂ ಹಿಡಿದಿರಲಿಲ್ಲ. ನೇಜಿ ಕೈಗೆ ಸಲೀಸಾಗಿ ಬರುತ್ತಿತ್ತು. ಒಂದು ಸಾಲು ಕಿತ್ತು ಹಿಂದಕ್ಕೆಸೆದೆ. ಬಾಯಿಗೆ ಬಂದದ್ದನ್ನು ಬೈಯುತ್ತಲೇ ಇನ್ನೊಂದು ಸಾಲಿಗೆ ಕೈ ಹಾಕಿದೆ. ತಿರುಗಿ ನೋಡಿದರೆ ಅಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಿದ್ದಳು. ಬೈಯಲಿಲ್ಲ, ಅಳಲಿಲ್ಲ, ನನ್ನ ಕೈ ಹಿಡಿಯಲೂ ಇಲ್ಲ. ನಾನು ಎಸೆದದ್ದನ್ನು ಹೆಕ್ಕಿ, ನಾನು ಕಿತ್ತ ಜಾಗದಲ್ಲೇ ಊರುತ್ತ ಬಂದಳು.

ಮುಂದೆ ನಾನು ಕೀಳುತ್ತಿದ್ದೆ, ಹಿಂದೆ ಅವಳು ನೆಡುತ್ತಿದ್ದಳು. ನಾನು ಬೇಗ ಮಾಡಿದರೆ ಅವಳೂ ಬೇಗ. ಗದ್ದೆಯ ನಡು ಮುಟ್ಟುವಷ್ಟರಲ್ಲಿ ನನ್ನ ಸೊಂಟ ಸೋತಿತು. ಮುಷ್ಟಿಯಲ್ಲಿ ನೇಜಿ ಹಿಡಿದು ಹಾಗೇ ನಿಂತೆ.

ಅಮ್ಮ ಬಾಗಿದಲ್ಲಿಂದಲೇ ಕೈ ಚಾಚಿದಳು.

“ಕೊಡ್, ಬಾಡತ್ತ್.”

ಕೊಟ್ಟೆ.