ಆಳುವವರ ಪ್ರಾರ್ಥನೆ

“ಆದಕಾರಣ ತಂದೆಯೇ, ನಿನ್ನ ಈ ಸೇವಕನನ್ನು ಮೇಲಿಂದ ಇಳಿಸು!” ಎಂದುಬಿಟ್ಟ ದರ್ಜಿ.

“ಆಮೆನ್,” ಎಂದಿತು ಇಡೀ ಸಭೆ.

ಹೇಳಬೇಕಾಗಿದ್ದದ್ದು ‘ನಿನ್ನ ಕೃಪೆಯನ್ನು ಈ ಸೇವಕನ ಮೇಲೆ ಇಳಿಸು’ ಎಂದು. ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪದ ಮಾತು. ಅವತ್ತು ಕೃಪೆ ಗಂಟಲಲ್ಲೇ ಉಳಿಯಿತು, ‘ಮೇಲೆ’ ಹೋಗಿ ‘ಮೇಲಿಂದ’ ಆಯಿತು. ಅವನ ಎರಡೂ ಕೈ ಇನ್ನೂ ಮೊಣಕಾಲೂರಿದ್ದ ವಕೀಲನ ಹೆಗಲ ಮೇಲೇ ಇದ್ದವು. ಮೆಲ್ಲಗೆ ಒಂದು ಕಣ್ಣು ತೆರೆದು ನೋಡಿದ. ಎಲ್ಲರೂ ಕಣ್ಣು ಮುಚ್ಚಿ ಭಕ್ತಿಯಿಂದ ತಲೆ ತಗ್ಗಿಸಿದ್ದರು. ಹೆಂಗಸರ ಸಾಲಿನಿಂದ ಅವನ ಹೆಂಡತಿ ಮಾತ್ರ ಕಣ್ಣು ಬಿಟ್ಟುಕೊಂಡು ಅವನನ್ನೇ ದುರುಗುಟ್ಟುತ್ತಿದ್ದಳು.

ಭಾನುವಾರದ ಆರಾಧನೆಯಲ್ಲಿ ಆಳುವವರ ಪ್ರಾರ್ಥನೆ ಎಂದರೆ ದರ್ಜಿಯದು. ಯಾವ ಪಕ್ಷ ಬರಲಿ, ಯಾವ ಪಕ್ಷ ಹೋಗಲಿ, ಕುರ್ಚಿಯಲ್ಲಿ ಕೂತವರಿಗೆ ಒಳ್ಳೆಯ ಬುದ್ಧಿ ಕೊಡು, ನಿನ್ನ ಕೃಪೆ ಇಳಿಸು ಎಂದು ನಾಲ್ಕು ಮಾತು ಹೇಳಿ ಮುಗಿಸುತ್ತಿದ್ದ. ಆ ನಾಲ್ಕು ಮಾತಿಗಾಗಿ ವಾರವಿಡೀ ಕಾಯುತ್ತಿದ್ದ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ವಕೀಲ ಬಂದ ಮೇಲೆ ಗೊತ್ತಾಯಿತು.

ನಿನ್ನೆ ಮೊನ್ನೆ ಈ ಸಭೆಗೆ ಸೇರಿದವನು ವಕೀಲ. ಪಾಸ್ಟರಿಗೆ ಅದೇನು ತೋಚಿತೋ, ಒಂದು ಭಾನುವಾರ ಮೈಕು ಅವನ ಕೈಗೆ ಕೊಟ್ಟರು. ಅವನು ಹಿಂದಿನ ಓಣಿಗೆ ಬಾರದ ನೀರಿಗಾಗಿ ಪ್ರಾರ್ಥಿಸಿದ. ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿರುವವರಿಗಾಗಿ ಪ್ರಾರ್ಥಿಸಿದ. ಬೇರೆ ಧರ್ಮದವರೆಂದು ಬಾಡಿಗೆ ಮನೆ ಸಿಗದೆ ಅಲೆಯುತ್ತಿದ್ದ ಒಂದು ಸಂಸಾರಕ್ಕಾಗಿ ಪ್ರಾರ್ಥಿಸಿ, ಬಾಗಿಲು ಮುಚ್ಚಿದವರಲ್ಲಿ ನಾವೂ ಇದ್ದೇವೆ, ಕ್ಷಮಿಸು ಎಂದ. ಮುದುಕಿಯರು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

“ದೇವರಿಗೆ ಪೇಪರ್ ಓದಿ ಹೇಳ್ಬೇಕಾ? ಅವನಿಗೆ ಇದೆಲ್ಲ ಗೊತ್ತಿಲ್ವಾ?” ಎಂದ ದರ್ಜಿ, ಮನೆಗೆ ಬಂದು.

“ದೇವರಿಗೆ ಗೊತ್ತಿತ್ತು. ನಿಮಗೆ ಗೊತ್ತಿರ್ಲಿಲ್ಲ,” ಎಂದಳು ಹೆಂಡತಿ.

ಅಲ್ಲಿಂದ ಮೈಕು ವಕೀಲನದಾಯಿತು. ದರ್ಜಿಗೆ ಬಾಗಿಲ ಬಳಿ ಹಾಡಿನ ಪುಸ್ತಕ ಹಂಚುವ ಕೆಲಸ ಸಿಕ್ಕಿತು. ಹಂಚಿದ, ನಗುನಗುತ್ತಲೇ ಹಂಚಿದ. ಒಳಗೆ ಮಾತ್ರ ಹೊಟ್ಟೆ ಧಗಧಗ ಉರಿಯುತ್ತಿತ್ತು. ವಕೀಲನ ಧ್ವನಿ ಕೇಳಿದರೆ ಉರಿ, ಅವನ ನಗು ಕಂಡರೆ ಉರಿ, ಕೊನೆಗೆ ಅವನ ಚಪ್ಪಲಿ ಕಂಡರೂ ಉರಿ.

ಅಂಥದ್ದರಲ್ಲಿ ವಕೀಲ ಪುರಸಭೆಯ ಚುನಾವಣೆಗೆ ನಿಂತ. ಹಿರಿಯರ ಕೂಟದಲ್ಲಿ ದರ್ಜಿ ಎದ್ದು, “ನಮ್ಮ ರಾಜ್ಯ ಪರಲೋಕದ್ದು. ಈ ಲೋಕದ ಓಟು, ಕುರ್ಚಿ ನಮಗ್ಯಾಕೆ?” ಎಂದ. ಆಹಾ, ಹೊಟ್ಟೆಕಿಚ್ಚಿಗೆ ಭಕ್ತಿಯ ಅಂಗಿ ಎಷ್ಟು ಚೆನ್ನಾಗಿ ಒಪ್ಪುತ್ತದೆ, ಅದೂ ಹೊಲಿದವನು ದರ್ಜಿಯಾಗಿದ್ದರೆ! ಇಬ್ಬರು ಹಿರಿಯರು ಹೌದು ಹೌದು ಎಂದು ತಲೆಯಾಡಿಸಿಯೂ ಬಿಟ್ಟರು.

“ಉಪ್ಪು ಡಬ್ಬಿಯಲ್ಲೇ ಕೂತಿದ್ರೆ ಅಡುಗೆಗೆ ರುಚಿ ಬರುತ್ತಾ ಅಣ್ಣ?” ಎಂದ ವಕೀಲ, ಸಿಟ್ಟಿಲ್ಲದೆ. ಎಲ್ಲರೂ ನಕ್ಕರು. ಚುನಾವಣೆಗೆ ಹೊರಟವನನ್ನು ಹರಸಿ ಕಳಿಸಿಕೊಡುವ ಪ್ರಾರ್ಥನೆ ಯಾರು ಮಾಡಬೇಕು ಎಂಬ ಮಾತು ಬಂದಾಗ ಅವನೇ, “ಅಣ್ಣನೇ ಮಾಡ್ಲಿ. ಆಳುವವರ ಪ್ರಾರ್ಥನೆ ಅವರದಲ್ವಾ?” ಎಂದ. ಕಿತ್ತುಕೊಂಡವನೇ ದಾನ ಕೊಟ್ಟಂತಾಗಿ ದರ್ಜಿಗೆ ಇನ್ನಷ್ಟು ಉರಿಯಿತು. ಆ ಭಾನುವಾರ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟಾಗಲೇ ಆ ಮಾತು ಬಾಯಿಂದ ಬಿದ್ದದ್ದು.

“ಏನ್ರೀ ಅದು ನೀವು ಹೇಳಿದ್ದು?” ಮನೆ ಬಾಗಿಲು ದಾಟುವ ಮೊದಲೇ ಹೆಂಡತಿ ಹಿಡಿದುಕೊಂಡಳು.

“ಬಾಯಿ ತಪ್ಪಿತು ಮಾರಾಯ್ತಿ.”

“ಬಾಯಿ ತಪ್ಪಿತೋ, ಹೊಟ್ಟೇಲಿದ್ದದ್ದು ಬಾಯಿಗೆ ಬಂತೋ?”

“ಹೊಟ್ಟೆಕಿಚ್ಚು ಅಂತೀಯಾ? ನನಗಾ? ಆ ವಕೀಲನ ಮೇಲಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನು ಹೊಟ್ಟೆಕಿಚ್ಚು ಅನ್ಲೇ ಇಲ್ಲ.”

ದರ್ಜಿ ಕೈಕಾಲು ತೊಳೆಯಲು ಹೋದ.

ಚುನಾವಣೆ ಮುಗಿಯುವವರೆಗೆ ಅವನ ಪಾಡು ನಾಯಿಪಾಡು. ವಕೀಲ ಸೋಲಲಿ ಎಂದು ಆಸೆ. ಸೋತರೆ ತನ್ನ ಪ್ರಾರ್ಥನೆಯಿಂದಲೇ ಸೋತ ಎಂಬ ಭಯ. ವಕೀಲ ಗೆದ್ದ. ‘ಅಬ್ಬ, ಬದುಕಿದೆ’ ಎಂದುಕೊಂಡ ದರ್ಜಿ. ಮರುಗಳಿಗೆಯೇ ಹೊಟ್ಟೆ ಮತ್ತೆ ಉರಿಯಿತು. ಇಷ್ಟು ವರ್ಷದಲ್ಲಿ ಮನಸ್ಸಿಟ್ಟು ಮಾಡಿದ ಪ್ರಾರ್ಥನೆ ಅದೊಂದೇ, ಅದನ್ನೂ ದೇವರು ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ! ಅವನೂ ವಕೀಲನ ಕಡೆಯೇ!

ಪ್ರಮಾಣವಚನಕ್ಕೆ ಕೋಟು ಬೇಕೆಂದು ವಕೀಲ ದರ್ಜಿಯ ಅಂಗಡಿಗೇ ಬಂದ. ಬೇರೆ ಅಂಗಡಿ ಇರಲಿಲ್ಲವೇ ಇವನಿಗೆ ಎಂದು ಗೊಣಗುತ್ತಲೇ ದರ್ಜಿ ಬಟ್ಟೆ ಕತ್ತರಿಸಿದ. ಕಚ್ಚಾ ಹೊಲಿಗೆ ಹಾಕಿದ ದಿನ ವಕೀಲನಿಗೆ ಅದನ್ನು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದ. ಮೂಲೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ದರ್ಜಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಸೀಮೆಸುಣ್ಣದಿಂದ ಬೆನ್ನಿಗೆ ಗೆರೆ ಎಳೆದ.

“ಆವತ್ತಿನ ಪ್ರಾರ್ಥನೆ ನನಗೆ ಕೇಳಿಸ್ತು ಅಣ್ಣ,” ಎಂದ ವಕೀಲ, ಕನ್ನಡಿಯಲ್ಲೇ ಅವನನ್ನು ನೋಡುತ್ತ.

ದರ್ಜಿಯ ಕೈ ನಿಂತಿತು.

“ಎಲ್ಲರ ಜೊತೆ ನಾನೂ ಆಮೆನ್ ಅಂದ್ಬಿಟ್ಟೆ. ಅಭ್ಯಾಸ ನೋಡಿ!” ವಕೀಲ ನಕ್ಕ. ನಗು ಬೇಗ ಆರಿತು. “ಬಾಯಿ ತಪ್ಪಿತು ಅನ್ನಿ ಅಣ್ಣ. ನಂಬ್ತೀನಿ.”

ಬಾಯಿ ತುಂಬ ಸೂಜಿಯಿದ್ದದ್ದು ಒಳ್ಳೆಯದೇ ಆಯಿತು. ಸುಮ್ಮನೆ ಹೂಂ ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ದರ್ಜಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

“ಬಾಯಿ ತಪ್ಪಲಿಲ್ಲ ವಕೀಲರೇ,” ಎಂದ. “ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಈಗ್ಲೂ ಉರೀತಿದೆ.”

ಯಂತ್ರದ ಸದ್ದು ನಿಂತಿತು. ವಕೀಲ ಕನ್ನಡಿಯಲ್ಲಿ ತನ್ನದೇ ಮುಖ ನೋಡಿಕೊಂಡ.

“ಗೆದ್ದಾಗಿನಿಂದ ಎಲ್ಲರೂ ಹೊಗಳೋರೇ,” ಎಂದ. “ನನಗೂ ಹಿತವಾಗ್ತಿದೆ, ಅದೇ ಭಯ. ಇನ್ನೊಂದು ಸಲ ಪ್ರಾರ್ಥನೆ ಮಾಡಿ ಅಣ್ಣ. ನಿಮ್ಮ ಬಾಯಿಗೆ ಏನು ಬರುತ್ತೋ ಅದನ್ನೇ ಹೇಳಿ.” ಎಂದವನೇ ಕಣ್ಣು ಮುಚ್ಚಿ ತಲೆ ತಗ್ಗಿಸಿದ.

ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಸೆರಗು ತಲೆಗೆ ಎಳೆದುಕೊಂಡಿದ್ದಳು. ಅವನು ಎರಡೂ ಕೈ ಎತ್ತಿ ವಕೀಲನ ಹೆಗಲ ಮೇಲಿಟ್ಟ.

“ತಂದೆಯೇ,” ಎಂದ. ಆಮೇಲೆ, “ಇಳಿಸು,” ಎಂದ. ಏನನ್ನು, ಯಾರ ಮೇಲೆ, ಯಾರನ್ನು, ಎಲ್ಲಿಂದ, ಒಂದೂ ಬಾಯಿಗೆ ಬರಲಿಲ್ಲ. ವಕೀಲ ಕಾದ.

“ಆಮೆನ್,” ಎಂದಳು ಹೆಂಡತಿ.

ದರ್ಜಿ ಕೈ ತೆಗೆದ. ಕಪ್ಪು ಬಟ್ಟೆಯ ಎರಡೂ ಹೆಗಲ ಮೇಲೆ ಸೀಮೆಸುಣ್ಣದ ಬೆರಳ ಗುರುತುಗಳು ಬೆಳ್ಳಗೆ ಮೂಡಿದ್ದವು. ಅವನು ಬ್ರಷ್ಷಿಗಾಗಿ ಮೇಜಿನ ಮೇಲೆ ತಡಕಾಡಿದ.

“ಇರಲಿ ಬಿಡಿ,” ಎಂದ ವಕೀಲ, ಇನ್ನೂ ಕಣ್ಣು ತೆರೆಯದೆ.