ನೀರಿನಡಿಯ ಕೈ

"ಬಿಳಿ ಬಟ್ಟೆ ತಂದಿದ್ದೀರಾ?" ಎಂದು ಪಂದ್ಯಗಳ ಉಸ್ತುವಾರಿಗೆ ಬಂದಿದ್ದ ಸಿಂಗಾಪುರದ ಪ್ರತಿನಿಧಿ ಇಂಗ್ಲಿಷಿನಲ್ಲಿ ಕೇಳಿದಾಗ ಶೈಲಾ ಗಡಿಯಾರದ ಮೇಜಿನ ಹಿಂದೆ ಕೂತು ವಡಾಪಾವಿನ ಕೊನೆಯ ತುತ್ತು ತಿನ್ನುತ್ತಿದ್ದಳು. ಬಾಯಿ ತುಂಬಿದ್ದರಿಂದ ಬರೀ ಹೌದೆಂದು ತಲೆಯಾಡಿಸಿದಳು. ಈಜುಕೊಳದ ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತ ಸೀಟಿ ಊದುವ ರೆಫ್ರಿಗಳಿಗೆ ಬಿಳಿ ಅಂಗಿ, ಬಿಳಿ ಪ್ಯಾಂಟು. ಅವಳ ಹೆಸರು ಈ ಮಧ್ಯಾಹ್ನ ರೆಫ್ರಿಗಳಲ್ಲಿ ಇರಲಿಲ್ಲ. ಹೊತ್ತು ನೋಡುವ ಕೆಲಸವಷ್ಟೇ ಇತ್ತು.

ಪುಣೆಯ ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ನಡೆದಿದ್ದ ಏಷ್ಯಾದ ಎಂಟು ದೇಶಗಳ ಗಂಡಸರ ವಾಟರ್ ಪೋಲೊ ಪಂದ್ಯಾವಳಿ ಅದು. ಈ ಪಂದ್ಯಕ್ಕೆ ಬರಬೇಕಿದ್ದ ಇಬ್ಬರು ರೆಫ್ರಿಗಳಲ್ಲಿ ಒಬ್ಬನಿಗೆ ಬೆಳಗಿನಿಂದ ಚಳಿಜ್ವರ. ಉಳಿದವರು ತಮ್ಮ ಪಾಳಿ ಮುಗಿಸಿ ಹೋಟೆಲಿಗೆ ಹೊರಟುಹೋಗಿದ್ದರು. ಹಿಂಜವಡಿ ಕಡೆಯ ಆ ಗದ್ದಲದ ರಸ್ತೆಯಲ್ಲಿ ಅವರು ಮರಳಿ ಬಂದು ಮುಟ್ಟುವ ಹೊತ್ತಿಗೆ ಪಂದ್ಯವೇ ಮುಗಿದಿರುತ್ತಿತ್ತು. ಸೀಟಿ ಊದುವ ಅಂತಾರಾಷ್ಟ್ರೀಯ ಪರವಾನಗಿ ಇದ್ದು ಕೈಗೆ ಸಿಗುವಂತಿದ್ದವಳು ಶೈಲಾ ಒಬ್ಬಳೇ.

"ನಾನು ಭಾರತದವಳು," ಎಂದಳು ಶೈಲಾ. "ನಮ್ಮಣ್ಣನ ಮಗ ಭಾರತದ ತಂಡದಲ್ಲಿ ಆಡ್ತಾನೆ. ಈ ಪಂದ್ಯ ನಾನು ಆಡಿಸೋದು ಚೆಂದಲ್ಲ."

ಪ್ರತಿನಿಧಿಗೆ ಅದು ಗೊತ್ತಿತ್ತು. ಅಂದಿನ ಪಂದ್ಯ ಥಾಯ್ಲೆಂಡಿಗೂ ಉಜ್ಬೇಕಿಸ್ತಾನಕ್ಕೂ. ಭಾರತ ತನ್ನ ಗುಂಪಿನ ಪಂದ್ಯಗಳನ್ನೆಲ್ಲ ಆಡಿ ಮುಗಿಸಿ ಗ್ಯಾಲರಿಯಲ್ಲಿ ಕೂತಿತ್ತು. ಥಾಯ್ಲೆಂಡ್ ಗೆದ್ದರೆ ಭಾರತ ಸೆಮಿಫೈನಲ್ಲಿಗೆ; ಉಜ್ಬೇಕಿಸ್ತಾನ ಗೆದ್ದರೆ ಭಾರತ ಹೊರಗೆ. ಆದ್ದರಿಂದಲೇ ಅವರು ಎರಡೂ ತಂಡದ ಕೋಚುಗಳನ್ನು ಕರೆದುಕೊಂಡು ಬಂದಿದ್ದರು. ಥಾಯ್ಲೆಂಡಿನವನು ಕೂಡಲೇ ಒಪ್ಪಿಕೊಂಡ. ಉಜ್ಬೇಕಿಸ್ತಾನದ ಕೋಚ್ ದಪ್ಪ ಮೀಸೆಯ, ಮೆತ್ತಗೆ ಮಾತಾಡುವ ಮನುಷ್ಯ. ಅವಳನ್ನು ಒಂದಷ್ಟು ಹೊತ್ತು ನೋಡಿದ.

"ಮೊನ್ನೆ ನೀವು ನಮ್ಮ ಹುಡುಗನನ್ನ ಹೊರಗೆ ಹಾಕಿದಿರಿ," ಎಂದ, ಹರಕುಮುರುಕು ಇಂಗ್ಲಿಷಿನಲ್ಲಿ. "ಸರಿಯಾಗಿತ್ತು." ಅಷ್ಟು ಹೇಳಿ ತನ್ನ ಆಟಗಾರರ ಕಡೆ ಹೊರಟುಹೋದ.

ಬಟ್ಟೆ ಬದಲಿಸುವಾಗ ಶೈಲಾಳ ಮನಸ್ಸಿನಲ್ಲಿ ಇದ್ದದ್ದು ಅಣ್ಣನ ಮಗ ಸ್ವಪ್ನಿಲ್ ಒಬ್ಬನೇ. ಅಣ್ಣನಿಗೆ ನೀರೆಂದರೆ ಹೆದರಿಕೆ. ಬೈಲಹೊಂಗಲದಿಂದ ಪುಣೆಗೆ ಬಂದು ಜವಳಿ ಅಂಗಡಿಯ ಗಲ್ಲೆಯ ಮೇಲೆ ಕೂತವನು ಜನ್ಮದಲ್ಲೇ ಹೊಳೆಗೆ ಇಳಿದಿರಲಿಲ್ಲ. ಅವನ ಮಗನನ್ನು ಚಡ್ಡಿ ಹಾಕಿಸಿ ನೀರಿಗೆ ನೂಕಿದವಳು ಶೈಲಾ. ಆಗ ಅವಳಿನ್ನೂ ಕಾಲೇಜಿನ ಹುಡುಗಿ, ರಾಜ್ಯದ ತಂಡದಲ್ಲಿ ಆಡುತ್ತಿದ್ದಳು. ಈಗ ಶಾಲೆಯಲ್ಲಿ ಆಟದ ಟೀಚರು. ಸ್ವಪ್ನಿಲ್ ರೈಲ್ವೆಯಲ್ಲಿ ನೌಕರ, ಭಾರತ ತಂಡದ ಹಳಬ. ಮುಂದಿನ ವರ್ಷದಿಂದ ಹೊಸ ಹುಡುಗರನ್ನು ತೆಗೆದುಕೊಳ್ಳುವುದೆಂದು ಅವನ ಕೋಚ್ ಆಗಲೇ ಹೇಳಿಬಿಟ್ಟಿದ್ದರು. ಅವನಿಗೆ ಇದೇ ಕೊನೆ. ಸೆಮಿಫೈನಲ್ ಅನ್ನುವುದನ್ನು ಅವನು ಒಮ್ಮೆಯೂ ಆಡಿರಲಿಲ್ಲ.

ಪಂದ್ಯ ಸುರುವಾದಾಗ ಗ್ಯಾಲರಿಯಲ್ಲಿ ಜನ ಕಿಕ್ಕಿರಿದಿದ್ದರು. ಥಾಯ್ಲೆಂಡ್ ಯಾವ ದಿಕ್ಕಿಗಿದೆಯೆಂದು ಗೊತ್ತಿಲ್ಲದವರೂ ಅದರ ಹೆಸರು ಹಿಡಿದು ಕೂಗುತ್ತಿದ್ದರು. ಬಿಳಿ ಟೊಪ್ಪಿಗೆಯವರು ಉಜ್ಬೇಕಿಸ್ತಾನದವರು, ನೀಲಿ ಟೊಪ್ಪಿಗೆಯವರು ಥಾಯ್ಲೆಂಡಿನವರು. ಶೈಲಾ ಒಂದು ದಂಡೆಯಲ್ಲಿ, ಇರಾನಿನ ರೆಫ್ರಿ ಎದುರು ದಂಡೆಯಲ್ಲಿ. ಆಟ ಸುರುವಾದ ಮೇಲೆ ಅವಳಿಗೆ ಕೂಗು ಕೇಳಿಸಲಿಲ್ಲ. ವಾಟರ್ ಪೋಲೊದಲ್ಲಿ ಮೇಲೆ ಕಾಣುವುದು ಅರ್ಧ ಆಟ. ಕಾಲಿಗೆ ತಳ ಸಿಗದ ಆ ನೀರಿನಲ್ಲಿ ಒದೆಯುವುದು, ಜಗ್ಗುವುದು, ಒತ್ತುವುದು ಎಲ್ಲ ಕೆಳಗೆ. ರೆಫ್ರಿಯಾದವಳು ಭುಜದ ವಾಲಾಟ ನೋಡಿ ಕೆಳಗಿನದನ್ನು ತಿಳಿಯಬೇಕು.

ಒಬ್ಬರು ಗೋಲು ಹೊಡೆದರೆ ಇನ್ನೊಬ್ಬರೂ ಹೊಡೆಯುತ್ತ ಆಟ ಕೊನೆಯ ನಿಮಿಷದವರೆಗೂ ಸಮಸಮ ಬಂತು. ಆಗ ಉಜ್ಬೇಕಿಸ್ತಾನದ ಎಡಗೈ ಆಟಗಾರನೊಬ್ಬ ತನ್ನ ಬೆನ್ನಿಗಿದ್ದವನನ್ನು ತಪ್ಪಿಸಿ ಗೋಲಿನ ಮುಂದೆ ಶೈಲಾಳ ದಂಡೆಗೆ ಹತ್ತಿರವೇ ತಿರುಗಿದ. ಚೆಂಡು ಕೈಯಲ್ಲಿತ್ತು, ಮುಂದೆ ಗೋಲ್‌ಕೀಪರ್ ಒಬ್ಬನೇ. ಎಸೆಯಲು ಎದ್ದವನು ಎದ್ದಷ್ಟೇ ಜೋರಿನಲ್ಲಿ ಕುಸಿದ. ಚೆಂಡು ಕೈಜಾರಿತು. ನೀಲಿ ಟೊಪ್ಪಿಗೆಯವನ ಎರಡೂ ಕೈ ಆಗಲೇ ನೀರಿನ ಮೇಲಿದ್ದವು, ನಾನೇನೂ ಮಾಡಿಲ್ಲ ಎನ್ನುವ ಹಾಗೆ. ಆದರೆ ಅದಕ್ಕೆ ತುಸು ಮೊದಲು, ಅಲುಗುವ ನೀರಿನಡಿಯಲ್ಲಿ, ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಒಂದು ಕೈ ಆ ಹುಡುಗನ ಸೊಂಟಕ್ಕೆ ಅಂಟಿದ್ದನ್ನು ಶೈಲಾ ಕಂಡಿದ್ದಳು.

ಸೀಟಿ ಊದಿದಳು. ಐದು ಬೆರಳು ಬಿಡಿಸಿ ಕೈ ಮೇಲೆತ್ತಿದಳು: ಪೆನಲ್ಟಿ.

ಇರಾನಿನವನು ಎದುರಿನಿಂದ ಅವಳನ್ನು ನೋಡಿದ. ಅವನು ಊದಿರಲಿಲ್ಲ. ಗ್ಯಾಲರಿಯ ಕೂಗು ಒಮ್ಮೆ ಎದ್ದು, ಎಡಗೈಯವನು ಚೆಂಡು ಹಿಡಿದು ಐದು ಮೀಟರಿನ ಗೆರೆಗೆ ಬಂದಾಗ ತಾನಾಗಿಯೇ ಅಡಗಿತು. ಅವನು ತಡಮಾಡಲಿಲ್ಲ. ಬಲೆ ಅಲುಗಿದ ಮೇಲೆಯೇ ಗೋಲ್‌ಕೀಪರನ ಕೈ ಎದ್ದದ್ದು. ಉಳಿದ ಹೊತ್ತಿನಲ್ಲಿ ಥಾಯ್ಲೆಂಡಿನವರು ಎಸೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಪ್ರತಿನಿಧಿ ಅವಳ ಕೈ ಕುಲುಕಿ ಬೇರೆ ಕೆಲಸಕ್ಕೆ ನಡೆದರು. ಅಲ್ಲಿದ್ದದ್ದು ಒಂದೇ ಕ್ಯಾಮೆರಾ, ಅದೂ ಎದುರು ಬದಿಯದು. ಅದರಲ್ಲಿ ನೀರು ಹಾರಿದ್ದು ಬಿಟ್ಟರೆ ಏನೂ ಸಿಗಲಿಲ್ಲ. ಪುಣೆಯ ಸಂಘಟಕರೊಬ್ಬರು ಪಕ್ಕದಲ್ಲಿ ಹಾದುಹೋಗುವಾಗ, "ಮ್ಯಾಡಮ್, ಥೋಡಂ ಬಘಾಯ್ಚಂ ಹೋತಂ," ಎಂದರು ಮರಾಠಿಯಲ್ಲಿ, ನಗುತ್ತಲೇ. ನಮ್ಮವರ ಕಡೆ ಸ್ವಲ್ಪ ನೋಡಬೇಕಿತ್ತು ಎಂದು. ನೋಡಿದ್ದಕ್ಕೇ ಅಲ್ಲವೇ ಊದಿದ್ದು ಎಂಬ ಮಾತು ಅವಳ ಬಾಯಿಯ ತನಕ ಬಂತು.

ಗಾಡಿ ನಿಲ್ಲಿಸಿದಲ್ಲಿ ರೇಣು ಕಾಯುತ್ತಿದ್ದಳು, ಅಣ್ಣನ ಹೆಂಡತಿ, ಸ್ವಪ್ನಿಲನ ತಾಯಿ. ಮಗನ ತಂಡ ಸೆಮಿಫೈನಲ್ಲಿಗೆ ಹೋದೀತೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದಳು.

"ಆ ಇನ್ನೊಬ್ಬಾಂವ ಊದಲಿಲ್ಲಲ ಶೈಲಾ," ಎಂದಳು.

"ಅವಗ ಅಲ್ಲಿಂದ ಕಾಣಂಗಿಲ್ಲ ವೈನಿ."

"ಅಷ್ಟು ಮಂದಿ ಇದ್ರು. ಯಾರಿಗೂ ಕಾಣಲಿಲ್ಲ. ನಿನಗೊಬ್ಬಾಕಿಗೆ ಕಾಣಿಸ್ತೇನು?"

ಶೈಲಾ ಗಾಡಿಯ ಬೀಗ ತೆಗೆಯುವಷ್ಟರಲ್ಲಿ ರೇಣು ಸೆರಗು ಹೊದ್ದುಕೊಂಡು ರಿಕ್ಷಾ ಕರೆದಳು. ತನ್ನ ಗಾಡಿಯ ಮೇಲೆ ಬಾ ಎಂದು ಹೇಳುವ ಧೈರ್ಯ ಶೈಲಾಳಿಗೆ ಬರಲಿಲ್ಲ.

ಚಿಂಚವಾಡದ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತೇ ಬೆನ್ನು ಹತ್ತಿತು. ಪ್ರತಿ ಸಿಗ್ನಲ್ಲಿಗೂ ನಿಂತಾಗ ನೀರಿನಡಿಯ ಆ ಕೈಯನ್ನು ಮತ್ತೆ ನೆನೆದಳು. ನೆನೆದಷ್ಟೂ ಅದು ಸ್ಪಷ್ಟವಾಗುತ್ತ ಹೋಯಿತು, ಬೆರಳು ಸಹಿತ, ಉಗುರು ಸಹಿತ. ಅನುಮಾನ ಬಂದದ್ದೂ ಅದಕ್ಕೇ. ಅಷ್ಟೆಲ್ಲ ಕಂಡಿರಲು ಸಾಧ್ಯವೇ? ತಾನು ಕಂಡು ಊದಿದೆನೋ, ಅಥವಾ ಊದದಿದ್ದರೆ ತನ್ನವರ ಪರ ನಿಂತಳು ಎಂದಾರೆಂಬ ಹೆದರಿಕೆಯೇ ಊದಿತೋ? ಬೇರೆ ಯಾರದೋ ಪಂದ್ಯವಾಗಿದ್ದರೆ ಇಷ್ಟು ಬೇಗ ಸೀಟಿ ಬಾಯಿಗೆ ಹೋಗುತ್ತಿತ್ತೇ? ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿದಾಗ ಹಸಿರು ದೀಪ ಬಿದ್ದು ಎಷ್ಟೋ ಹೊತ್ತಾಗಿತ್ತು.

ಗಂಡ ಅಮರ ಆಗಲೇ ಕಾರ್ಖಾನೆಯ ಎರಡನೇ ಪಾಳಿಗೆ ಹೋಗಿದ್ದ. ಶೈಲಾಳ ತಾಯಿ ಶಿವಬಸವ್ವ ನಡುಮನೆಯಲ್ಲಿ ಕೂತು ಪುಂಡಿಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು.

"ರೇಣು ಫೋನ್ ಹಚ್ಚಿದ್ಲು," ಎಂದಳು.

"ಏನಂದ್ಲು?"

"ಏನೂ ಅನಲಿಲ್ಲ. ಅತ್ಲು."

ಇಬ್ಬರೂ ಸೇರಿ ಪಲ್ಲೆ ಸೋಸಿ ಮುಗಿಸಿದರು. ಶಿವಬಸವ್ವ ತಪ್ಪು-ಒಪ್ಪಿನ ಮಾತೆತ್ತಲಿಲ್ಲ. ಅವಳಿಗೆ ಅತ್ತ ಸೊಸೆ, ಇತ್ತ ಮಗಳು, ನಡುವೆ ಮೊಮ್ಮಗ.

ಸ್ವಪ್ನಿಲ್ ಬಂದಾಗ ಬಿಸಿಲು ಇಳಿದಿತ್ತು. ತಂಡದ ನೀಲಿ ಜಾಕೀಟಿನಲ್ಲೇ ಬಂದಿದ್ದ. ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ, ನೀರು ಕುಡಿದು, ಸೀದಾ ಬಾಲ್ಕನಿಗೆ ಹೋಗಿ ನೆಲಕ್ಕೆ ಕೂತ. ಶೈಲಾ ಹೋಗಿ ಎದುರಿಗೆ ಕೂತಳು. ಕೆಳಗೆ ಲೋಕಲ್ ರೈಲೊಂದು ಹಾದುಹೋಯಿತು.

"ಊಟಾ ಮಾಡ್ಕೊಂಡು ಹೋಗು," ಎಂದಳು.

"ಇಲ್ಲ ಅತ್ತಿ, ಹೊತ್ತಿಗೆ ಸರಿಯಾಗಿ ಹಾಸ್ಟೆಲ್ ಮುಟ್ಟಬೇಕು. ನಾಳೆ ಮ್ಯಾಚ್ ಅದ, ಹೊರಗ ಬಿದ್ದವರದು, ಐದನೇ ನಂಬರಿಗೆ."

"ಮ್ಯಾಲ ಕುಂತವರಿಗೆ ಏನು ಕಾಣಿಸ್ತು?"

"ಏನೂ ಇಲ್ಲ. ಬರೇ ನೀರು." ಅವನು ಕಾಲು ಚಾಚಿದ. "ನಮ್ಮ ಹುಡುಗ್ರೆಲ್ಲಾ ನಿನ್ನ ಭಾಳ ಬೈದ್ರು."

"ನೀ?"

"ನಾನೂ ಬೈದೆ."

ಶೈಲಾ ತಲೆಯಾಡಿಸಿದಳು. ಅವನು ಅದನ್ನು ಮುಚ್ಚಿಡದೆ ಹೇಳಿದ್ದರಿಂದ ಅವಳ ಮನಸ್ಸು ಯಾಕೋ ಹಗುರಾಯಿತು.

"ಕೈ ಎಲ್ಲಿತ್ತು ಅವಂದು?" ಎಂದು ಸ್ವಪ್ನಿಲ್ ಕೇಳಿದ. ಆಟಗಾರ ಆಟಗಾರನನ್ನು ಕೇಳುವ ಧ್ವನಿ ಅದು.

ಅವಳು ಬಾಗಿ ಅವನ ಸೊಂಟದ ಹಿಂಬದಿಗೆ ಕೈ ಇಟ್ಟು ತೋರಿಸಿದಳು. "ಇಲ್ಲೆ. ಚಡ್ಡಿ ಹಿಡದು ಕೆಳಗ ಜಗ್ಗಿದ."

ಸ್ವಪ್ನಿಲ್ ತಾನೂ ಆ ಜಾಗ ಮುಟ್ಟಿ ನೋಡಿಕೊಂಡ. ಆಮೇಲೆ ಅವನ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. "ನಾನೂ ಅಲ್ಲೇ ಹಿಡೀತೀನಿ," ಎಂದ. "ಅಲ್ಲಿ ಹಿಡದ್ರ ಯಾರಿಗೂ ಗೊತ್ತಾಗಂಗಿಲ್ಲ."

"ನಾ ಕಲಿಸಿದ್ದಲ್ಲ ಅದು."

"ಅಲ್ಲ. ಅದಷ್ಟು ನಾನ ಕಲತದ್ದು." ಅವನು ಜಾಕೀಟಿನ ಜಿಪ್ಪನ್ನು ಕೆಳಗೆಳೆದು ಮತ್ತೆ ಮೇಲೇರಿಸಿದ. "ಖರೇನ ಕಂಡಿತ್ತೇನು ಅತ್ತಿ?"

"ಕಂಡಿತ್ತು. ಊದುವಾಗ ಅನುಮಾನ ಇರಲಿಲ್ಲ. ಈಗ ನೆನಸಿ ನೆನಸಿ, ಏನು ಕಂಡೆ, ಏನು ಇಲ್ಲ, ಹೇಳಾಕ ಬರವಲ್ದು."

ರಸ್ತೆಯಾಚೆಯ ಕಟ್ಟಡದ ಮೇಲಿನ ನೀರಿನ ಟಾಕಿಯ ಹತ್ತಿರ ಪಾರಿವಾಳಗಳು ಇಳಿಯುತ್ತಿದ್ದವು. ಅವನು ಅವನ್ನೇ ನೋಡುತ್ತ ಕೂತಿದ್ದು, ಆಮೇಲೆ ಎರಡೂ ಕೈ ಮುಂದೆ ಚಾಚಿದ.

"ಉಗರ ಬೆಳದಾವ," ಎಂದ. "ನಾಳೆ ರೆಫ್ರಿ ನೋಡಿದ್ರ ನೀರಿಗೆ ಇಳಿಸಂಗಿಲ್ಲ. ತಗದು ಕೊಡು."

ನೀರಿನಲ್ಲಿ ಪರಚಬಾರದೆಂದು ಪಂದ್ಯಕ್ಕೆ ಮೊದಲು ಎಲ್ಲರ ಉಗುರು ನೋಡುತ್ತಾರೆ. ಅವನು ಶಾಲೆಯಲ್ಲಿದ್ದಾಗ ಪ್ರತಿ ಪಂದ್ಯದ ಹಿಂದಿನ ದಿನ ಶೈಲಾ ಅವನನ್ನು ಹೀಗೇ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಈಗ ಅವನಿಗೆ ಮೂವತ್ತು. ಹಾಸ್ಟೆಲಿನಲ್ಲಿ ಉಗುರು ತೆಗೆಯುವ ಕತ್ತರಿ ಇಲ್ಲದೆ ಇರಲಿಕ್ಕಿಲ್ಲ. ಅವಳು ಏನೂ ಕೇಳದೆ ಎದ್ದು ಒಳಗಿಂದ ಕತ್ತರಿ ತಂದಳು.

"ದೀಪಾ ಹಚ್ಚೂ ಹೊತ್ತಿಗೆ ಉಗರ ತಗೀತಾರೇನ ಯಾರರ?" ಎಂದು ಶಿವಬಸವ್ವ ಒಳಗಿಂದಲೇ ಗದರಿದಳು.

"ಇನ್ನೂ ಬೆಳಕದ ಅಜ್ಜಿ," ಎಂದ ಸ್ವಪ್ನಿಲ್.

ದಿನಾ ನೀರಿನಲ್ಲಿ ನೆನೆದು ಅವನ ಅಂಗೈ ಬಿರುಕುಬಿಟ್ಟಿತ್ತು. ಶೈಲಾ ಹೆಬ್ಬೆರಳಿನಿಂದ ಸುರು ಮಾಡಿದಳು. ಬೆಳಕು ಸಾಲದಾದಾಗ ಕೈಯನ್ನು ಬಾಲ್ಕನಿಯ ಕಟಾಂಜನದ ಹತ್ತಿರ ಎಳೆದುಕೊಂಡಳು. ಅವನು ಎಳೆದತ್ತ ಕೊಟ್ಟ. ಒಳಗೆ ದೇವರ ಕೋಣೆಯಲ್ಲಿ ಶಿವಬಸವ್ವ ಬತ್ತಿ ಹೊಸೆದಿಟ್ಟು, ಎಣ್ಣೆ ಹಾಕಿ, ಕಡ್ಡಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಲ್ಕನಿಯ ಕಡೆ ನೋಡುತ್ತ ಕೂತಿದ್ದಳು. ಎದುರು ಮನೆಗಳಲ್ಲೆಲ್ಲ ಒಂದೊಂದಾಗಿ ದೀಪ ಹತ್ತುತ್ತಿದ್ದವು. ಎರಡನೆಯ ಕೈ ಇನ್ನೂ ಬಾಕಿ ಇತ್ತು. ಶಿವಬಸವ್ವ ಕಡ್ಡಿ ಗೀರಲಿಲ್ಲ.