ಆಯಿಲ್ ಹೊಡೆದ ಪಕಾಸಿ

ಸಾಗರದ ಶ್ರೀನಾಥ ಹೆಗಡೆಗೆ ಹಳೇ ಕಾರೆಂದರೆ ಪ್ರಾಣ ಅಂತ ಊರವರು ಹೇಳುತ್ತಾರೆ. ಪ್ರಾಣವಂತೆ, ಪ್ರಾಣ! ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಅಂಬಾಸಿಡರನ್ನು ಎಳೆದು ತರುವುದು, ತಳದ ತೂತಿಗೆ ತಗಡು ಬೆಸೆಯುವುದು, ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದು, ಅದರ ಮೇಲೊಂದು ಕೋಟ್ ಬಿಳಿ ಬಣ್ಣ. ಆಮೇಲೆ ಶೆಡ್ಡಿನ ಮುಂದೆ ನಿಲ್ಲಿಸಿ ಬಾನೆಟ್ ಸವರುತ್ತ, "ತಗಡು ನೋಡಿ ಸಾರ್, ಈಗಿನ ಡಬ್ಬಿ ಗಾಡೀಲಿ ಎಲ್ಲಿ ಸಿಗುತ್ತೆ ಇದು?" ಅನ್ನುವುದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಶ್ರೀನಾಥನಿಗೆ ಒಂದು ಕಾರು ಮಾರಲು ನಾಲ್ಕೈದು ಸಾಕಾಗುತ್ತಿದ್ದವು. ಪುಟ್ಟಿ ಬಿರಿಯುವುದು ಎರಡು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಕೊಂಡವನಿಗೂ ಆ ಗಾಡಿಯ ಮೇಲೆ ಮಮತೆ ಹುಟ್ಟಿರುತ್ತಿತ್ತು.

ಇಂಥವನ ಕೈಗೆ ಒಂದು ಮನೆ ಸಿಕ್ಕಿತು. ಹೊಸನಗರ ಪೇಟೆಯಲ್ಲೇ, ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲಿ, ಮಕ್ಕಳಿಲ್ಲದ ಸೋದರಮಾವ ಬಿಟ್ಟುಹೋದ ತೊಂಬತ್ತು ವರ್ಷದ ಹೆಂಚಿನ ಮನೆ. ಎರಡು ವರ್ಷದಿಂದ ಬೀಗ ಬಿದ್ದಿತ್ತು. ತೀರ್ಥಹಳ್ಳಿಯ ಡಾಕ್ಟರ್ ಪ್ರತಿಮಾ ಅದನ್ನು ಕೊಳ್ಳುವ ಆಲೋಚನೆಯಲ್ಲಿದ್ದಾರೆಂದು ತಿಳಿದಾಗ ಶ್ರೀನಾಥನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆ ಮಾರಿದರೆ ಸಾಗರದ ಹೆದ್ದಾರಿ ಬದಿಗೆ ಗಾಜಿನ ಷೋರೂಮ್ ಎದ್ದು ನಿಲ್ಲುತ್ತದೆ. 'ಶೆಡ್ಡಿನ ಹೆಗಡೆ' ಅಂತ ಕರೆಯುವವರ ಬಾಯಿ ಮುಚ್ಚುತ್ತದೆ. ಅವನಿಗೆ ಬೇಕಿದ್ದದ್ದು ಅದೊಂದೇ.

ಆದರೆ ಅಡುಗೆಮನೆ ಕಡೆಯ ಹೆಂಚಿನ ಮಾಡನ್ನು ಒರಲೆ, ಅಂದರೆ ಗೆದ್ದಲು, ತಿಂದಿತ್ತು. ಹೆಂಚಿನ ಭಾರ ಹೊರುವ ಉದ್ದನೆಯ ಮರಗಳು, ಪಕಾಸಿಗಳು ಅನ್ನುತ್ತಾರಲ್ಲ, ಅವುಗಳಲ್ಲಿ ನಾಲ್ಕಕ್ಕೆ ಅವನು ಸ್ಕ್ರೂಡ್ರೈವರ್ ಚುಚ್ಚಿ ನೋಡಿದ. ಹಿಡಿಯವರೆಗೂ ಒಳಗೆ ಹೋಯಿತು. ಬಡಗಿಯನ್ನು ಕರೆಸಿದರೆ ಹೆಂಚು ಇಳಿಸಬೇಕು, ಮರ ಹುಡುಕಬೇಕು, ಊರಿಗೆಲ್ಲ ಗೊತ್ತಾಗಬೇಕು. ಶ್ರೀನಾಥ ತನಗೆ ಬರುತ್ತಿದ್ದ ವಿದ್ಯೆಯನ್ನೇ ಮಾಡಿದ. ಒರಲೆ ಕಟ್ಟಿದ ಮಣ್ಣನ್ನು ಒರೆಸಿ ತೆಗೆದ; ಶೆಡ್ಡಿನಿಂದ ಗಾಡಿಗಳ ಹಳೇ ಇಂಜಿನ್ ಆಯಿಲ್ ಎರಡು ಡಬ್ಬ ತಂದು ಇಡೀ ಮಾಡಿನ ಮರಕ್ಕೆ ಬಳಿದ. ಮರ ಕರ್ರಗೆ ಮಿಂಚಿತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಇಲ್ಲೊಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಮರಕ್ಕೆ ಹಳೇ ಆಯಿಲ್ ಹೊಡೆಯುವುದು ಒರಲೆ ಹತ್ತದಿರಲಿ ಅಂತ. ಹೊಡೆಯುವ ಮುಂಚೆ ಒಂದೊಂದು ಮರವನ್ನೂ ತಟ್ಟಿ, ದನಿ ಕೇಳಿ, ಟೊಳ್ಳಾದದ್ದನ್ನು ಕಿತ್ತು ಬೇರೆ ಹಾಕುತ್ತಾರೆ. ಹುಳ ಹಿಡಿದ ಮರಕ್ಕೆ ಯಾವ ಮನುಷ್ಯನೂ ಆಯಿಲ್ ದಂಡ ಮಾಡುವುದಿಲ್ಲ. ಅದಕ್ಕೇ ಮಾಡು ಹತ್ತುವವರಲ್ಲಿ ಒಂದು ರೂಢಿ: ಆಯಿಲ್ ಹೊಡೆದ ಮರವೆಂದರೆ ನೋಡಿದ ಮರ. ಅದನ್ನು ಮತ್ತೆ ತಟ್ಟುವುದಿಲ್ಲ. ತಟ್ಟಿದರೆ ಮನೆಯ ಯಜಮಾನನನ್ನು ಸುಳ್ಳ ಅಂದ ಹಾಗೆ.

ಹೆಂಚು ಕೈಯಾಡಿಸಲು ಬಂದವನು ಭೂತಪ್ಪ. ಮಳೆಗೆ ಮುಂಚೆ ಹೆಂಚುಗಳನ್ನು ಒಂದೊಂದೇ ಎತ್ತಿ, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ. ಅರಳಸುರಳಿಯಿಂದ ಹೊಸನಗರದವರೆಗೆ ಅವನು ಹತ್ತದ ಮಾಡಿಲ್ಲ. ಅರವತ್ತರ ಹತ್ತಿರದ ವಯಸ್ಸು, ಬೆಕ್ಕಿನ ನಡಿಗೆ. ತನ್ನದೇ ಎರಡೆಕರೆ ಗದ್ದೆಯಿದೆ. ಆದರೂ ಮೇ ತಿಂಗಳು ಬಂತೆಂದರೆ ಆಸಾಮಿಯ ಕಾಲು ನೆಲದ ಮೇಲೆ ನಿಲ್ಲದು. ಡಾಕ್ಟರು ಮನೆ ನೋಡಲು ಬರುವ ದಿನವೇ ಶ್ರೀನಾಥ ಅವನನ್ನು ಕರೆಸಿದ್ದ. ಮನೆಯನ್ನು ಎಷ್ಟು ಜೋಪಾನ ಮಾಡುತ್ತೇವೆ ಅಂತ ಬಂದವರಿಗೆ ಕಾಣಬೇಡವೇ?

"ಬೀದಿ ಕಡೇದು ಮಾತ್ರ ಮಾಡು ಭೂತಪ್ಪ. ಹಿಂದಿನ ಕಡೆ ಬೇಡ."

"ಅರ್ಧ ಮಾಡಿ ಇಳಿಯೋದಾ ಹೆಗಡೇರೇ? ನಮ್ಮಪ್ಪ ಇದ್ದಿದ್ರೆ ಏಣಿ ಕಿತ್ಕಂಡು ಹೊಡೀತಿದ್ದ."

"ಹೇಳಿದಷ್ಟು ಮಾಡೋ ಮಾರಾಯ."

ಭೂತಪ್ಪ ನಕ್ಕು, ಒಳಗಿನಿಂದಲೇ ಕತ್ತೆತ್ತಿ ಮಾಡನ್ನು ನೋಡಿದ. "ಅಂತೂ ಆಯಿಲ್ ಹೊಡೆದ್ರಲ್ಲ. ಮನೆ ನೋಡ್ಕಂಡ್ರೆ ನಿಮ್ಮಂಗೆ ನೋಡ್ಕಬೇಕು" ಅಂದು ಹೊರಗೆ ಹೋಗಿ ಏಣಿ ಹತ್ತಿದ.

ಕಾಫಿ ತಂದ ಹೆಂಡತಿ ಕುಮುದಾ ದನಿ ತಗ್ಗಿಸಿ ಕೇಳಿದಳು. "ಹಿಂದಿನ ಪಕಾಸಿ ಹುಳ ತಿಂದು ಲಡ್ಡಾಗಿದ್ದು ಅಂವಂಗೆ ಹೇಳಿದ್ರಾ?"

"ಆನು ಹೇಳಿದ್ದಿ. ನೀನು ಸುಮ್ನಿರು."

ಹೇಳಿರಲಿಲ್ಲ. ಭೂತಪ್ಪನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ತೀರ್ಥಹಳ್ಳಿ ಮುಟ್ಟುತ್ತದೆ ಅಂತ ಶ್ರೀನಾಥನ ಭಯ. ಹೇಗೂ ಆ ಕಡೆ ಹೋಗಬೇಡ ಅಂದಿದ್ದೇನಲ್ಲ, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹನ್ನೊಂದಕ್ಕೆ ಡಾಕ್ಟರ್ ಪ್ರತಿಮಾ ಬಂದರು. ಶ್ರೀನಾಥನ ಬಾಯಿಗೆ ಬೀಗ ಹಾಕುವವರು ಯಾರು ಸ್ವಾಮಿ! ಜಗಲಿ ತೋರಿಸಿದ, ಕಂಬ ತೋರಿಸಿದ, ಕತ್ತೆತ್ತಿಸಿ ಮಾಡು ತೋರಿಸಿದ. "ಮರ ಅಲ್ಲ ಮೇಡಂ, ಕಬ್ಬಿಣ! ಆನೆ ನಡೆದ್ರೂ ಅಲ್ಲಾಡೋದಿಲ್ಲ. ಒಂದೊಂದನ್ನೂ ನಾನೇ ನಿಂತು ನೋಡಿದೀನಿ." ಹಾಗೇ ಮಾತಾಡುತ್ತ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿಂದ ನೋಡುತ್ತಾನೆ, ಭೂತಪ್ಪ ಬೀದಿ ಕಡೆಯದನ್ನು ಮುಗಿಸಿ ಮಾಡಿನ ನೆತ್ತಿ ದಾಟಿ ಈಚೆ ಕೂತಿದ್ದಾನೆ.

"ಸಾಕು ಇಳಿಯೋ ಭೂತಪ್ಪ! ಊಟ ಮಾಡು!"

"ಇದೊಂಚೂರು ಮುಗ್ಸಿ ಬತ್ತೀನಿ!" ಭೂತಪ್ಪ ಮೇಲಿನಿಂದಲೇ ಕೂಗಿದ. ಅರ್ಧ ಮಾಡಿ ಇಳಿಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಆಗ ಡಾಕ್ಟರು ಸಂಕೋಚದಿಂದ ನಕ್ಕರು. "ಹೆಗಡೇರೇ, ಮೊದಲೇ ಹೇಳಬೇಕಿತ್ತು ನಾನು. ಪಾಪ, ಇಷ್ಟೆಲ್ಲ ರಿಪೇರಿ ಮಾಡಿಸ್ತಿದೀರಿ. ಮನೆ ನಮಗೆ ಬೇಡ. ಪೂರ್ತಿ ಕಿತ್ತು ಹಾಕಿ ಕ್ಲಿನಿಕ್ ಕಟ್ಟೋದು. ಜಾಗ ಒಪ್ಪಿಗೆಯಾಯ್ತು. ವ್ಯಾಪಾರ ಆದ ಹಾಗೇ ಅಂತ ಇಟ್ಕೊಳ್ಳಿ."

ಗೆದ್ದಿದ್ದ. ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಅಲ್ಲಿ ಕಾಲಿಡಬೇಡ ಅಂತ ಒಂದು ಕೂಗು ಹಾಕಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಕಬ್ಬಿಣ ಅಂದು, ಆನೆ ಅಂದು ಇನ್ನೂ ಬಾಯಿ ಒಣಗಿರಲಿಲ್ಲ. ಈಗ ಕೂಗಿದರೆ ಈಕೆಗೆ ಗೊತ್ತಾಗುತ್ತದೆ. ಮರದ ವಿಷಯದಲ್ಲಿ ಸುಳ್ಳು ಹೇಳಿದವನು ಕಾಗದಪತ್ರದಲ್ಲಿ ಹೇಳದೆ ಇರುತ್ತಾನೆಯೇ ಅಂತ ಎದ್ದು ಹೋದರೆ? ಮೆಲ್ಲಗೆ ಏಣಿಯ ಹತ್ತಿರ ಹೋಗಿ, ಮನೆಯಿಂದ ಫೋನ್ ಬಂದಿದೆ ಅಂತ ಕರೆಯೋಣವೇ? ಇವರು ಕಾರು ಹತ್ತಿದ ಮೇಲೆ ಹೇಳೋಣವೇ? ಶ್ರೀನಾಥ ನಗುನಗುತ್ತಲೇ ಯೋಚಿಸಿದ.

ಹೇಳಲು ಸಮಯ ಸಿಗಲಿಲ್ಲ ಅಂತ ಅವನು ಇವತ್ತಿಗೂ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸಿಕ್ಕಿತ್ತು. ಭೂತಪ್ಪ ಎರಡು ಹೆಂಚು ಎತ್ತಿ ಪಕ್ಕಕ್ಕಿಟ್ಟ, ಬೀಡಿ ಹಚ್ಚಿದ, ಕಣ್ಣುಮುಚ್ಚಿ ಒಂದು ದಮ್ಮು ಎಳೆದ, ಆಮೇಲೆ ಕರ್ರಗಿನ ಪಕಾಸಿಯ ಮೇಲೆ ಕಾಲಿಟ್ಟ. ಅಷ್ಟು ಸಮಯವಿತ್ತು.

ಮರ ಮುರಿದ ಸದ್ದು ಸಹ ಬರಲಿಲ್ಲ, ಸುಮ್ಮನೆ ಕುಸಿಯಿತು. ಹೆಂಚುಗಳ ಜೊತೆ ಭೂತಪ್ಪ ಅಡುಗೆಮನೆಯೊಳಗೆ ಬಿದ್ದ, ಬೆನ್ನು ನೇರ ರುಬ್ಬುವ ಕಲ್ಲಿನ ಮೇಲೆ.

"ಅಲ್ಲಾಡಿಸಬೇಡಿ! ಯಾರೂ ಎತ್ತಬೇಡಿ!" ಅನ್ನುತ್ತ ಡಾಕ್ಟರ್ ಓಡಿದರು. ಆಂಬುಲೆನ್ಸಿಗೆ ಫೋನ್ ಮಾಡಿ, ಮಂಡಿಯೂರಿ ಕೂತು, ಅವನ ಕಾಲ್ಬೆರಳನ್ನು ಉಗುರಿನಿಂದ ಒತ್ತಿದರು. "ಗೊತ್ತಾಗ್ತಿದೆಯಾ?"

"ಏನಮ್ಮಾ?"

"ಕಾಲು ಮುಟ್ತಿದೀನಲ್ಲ."

"ಯಾವಾಗ?" ಅಂದ ಭೂತಪ್ಪ.

ಭೂತಪ್ಪ ಪಕ್ಕದಲ್ಲಿ ಬಿದ್ದಿದ್ದ ಪಕಾಸಿಯ ತುಂಡನ್ನು ತಡಕಾಡಿ ಹಿಡಿದುಕೊಂಡ. ಅದು ಕೈಯಲ್ಲೇ ಪುಡಿಯಾಯಿತು. ಒರಲೆಗಳು ಅಂಗೈ ಮೇಲೆ ಹರಿದಾಡಿದವು. ಅವನ ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಹೆಗಡೇರೇ, ಆಯಿಲ್ ಹೊಡಿಯೋ ಮುಂಚೆ ಇದ್ನ ತಟ್ಟಿ ನೋಡಿದ್ದು ಯಾರು?"

ಡಾಕ್ಟರು ಕತ್ತೆತ್ತಿ ಶ್ರೀನಾಥನನ್ನು ನೋಡಿದರು. ಗಂಡಾಂತರದ ಹೊತ್ತಿಗೆ ಕೆಲವರ ಬಾಯಿ ಕಟ್ಟುತ್ತದೆ. ಇವನದು ಬಿಚ್ಚಿಕೊಳ್ಳುತ್ತಿತ್ತು.

"ನೀನೇ ಅಲ್ವೇನೋ! ಮೂರು ವರ್ಷದ ಹಿಂದೆ, ಮಾವ ಇದ್ದಾಗ, ಹೋದ ಸಲ ಹತ್ತಿದಾಗ ತಟ್ಟಿ ನೋಡಿ ಗಟ್ಟಿ ಇದೆ ಅಂದಿದ್ದೆ. ನಿನ್ನ ಮಾತು ನಂಬಿ ತಾನೇ ನಾನು ಆಯಿಲ್ ಹೊಡೆದದ್ದು?"

ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಕುಮುದಾ ಗಂಡನ ಮುಖ ನೋಡಿದಳು. ಅವಳ ತುಟಿ ಒಮ್ಮೆ ಅಲುಗಿತು. ಆದರೆ ಷೋರೂಮು ಅವಳಿಗೂ ಬೇಕಿತ್ತು. ಬಗ್ಗಿ, ಭೂತಪ್ಪನ ಬಾಯಿಗೆ ಎರಡು ಹನಿ ನೀರು ಬಿಟ್ಟಳು.

ಭೂತಪ್ಪ ಜಂತಿ ನೋಡುತ್ತ ನೆನಪು ಮಾಡಿಕೊಳ್ಳಲು ನೋಡಿದ. ಮೂರು ವರ್ಷದಲ್ಲಿ ಎಷ್ಟು ಮಾಡು, ಎಷ್ಟು ಮರ! ಅವನ ಕಿವಿ ತಪ್ಪಿತು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ. ಬೆನ್ನು ಮುರಿದಾಗ ಬಾರದ ಕಣ್ಣೀರು ಈಗ ಬಂತು.

"ನಾನಾ?" ಅಂದ. "ಇರಬೋದು. ವಯಸ್ಸಾತು. ಕಿವಿ ಮಂದ ಆಗೈತೇನೋ."

ಶಿವಮೊಗ್ಗಕ್ಕೆ ಸಾಗಿಸಲು ಸ್ಟ್ರೆಚರ್ ಎತ್ತಿದಾಗ ಅವನು ಶ್ರೀನಾಥನ ಕೈ ಹಿಡಿದುಕೊಂಡ. "ತಪ್ಪಾತು ಹೆಗಡೇರೇ. ನನ್ನ ಮಾತು ನಂಬಿ ನೀವೇ ಹತ್ತಿದ್ರೆ ಏನ್ ಗತಿ ಆಗ್ತಿತ್ತು! ದೇವ್ರು ದೊಡ್ಡೋನು. ಮನಸ್ನಾಗೆ ಇಟ್ಕಬೇಡಿ."

ಡಾಕ್ಟರು ನೋಡುತ್ತಿದ್ದರು. ಶ್ರೀನಾಥ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ತಟ್ಟಿದ.

"ಆಯ್ತು ಬಿಡು ಮಾರಾಯ. ತಪ್ಪು ಮನುಷ್ಯ ಮಾಡದೆ ಮರ ಮಾಡುತ್ತದಾ?" ಅಂದು ಅವನನ್ನು ಕ್ಷಮಿಸಿದ.